ಹಕ್ಕಿಯ ಕತ್ತು ಸ್ವಲ್ಪ ದಪ್ಪ

ಲೈಲ್ ನೈಗಾರ್ಡ್ ಕಳಿಸಿದ್ದು ಒಂದೇ ಒಂದು ಸಾಲು. ‘ಹಕ್ಕಿಯ ಕತ್ತು ಸ್ವಲ್ಪ ದಪ್ಪವಾಯಿತು ಅನ್ನಿಸುತ್ತದೆ.’ ಮಂಗಳವಾರ ಸಂಜೆ ಆಫೀಸಿನಿಂದ ಹೊರಡುವಾಗ, ಒಂದು ಕೈಯನ್ನು ಕೋಟಿನ ತೋಳಿಗೆ ತೂರಿಸುತ್ತ ಇನ್ನೊಂದು ಕೈಯಲ್ಲಿ ಒತ್ತಿ ಕಳಿಸಿದ ಮೆಸೇಜು ಅದು. ಬೆಳಗಾಗೆದ್ದು ನೋಡಿದರೆ ಉತ್ತರವಿಲ್ಲ. ಹಲ್ಲುಜ್ಜುತ್ತ ನೋಡಿದ, ಇಲ್ಲ. ಕಾರಿನ ಗಾಜಿಗೆ ಹೆಪ್ಪುಗಟ್ಟಿದ್ದ ಮಂಜು ಕೆರೆಯುತ್ತ ನೋಡಿದ, ಇಲ್ಲ. ಆಫೀಸಿನ ಮೆಟ್ಟಿಲು ಹತ್ತುತ್ತ ಮೆಟ್ಟಿಲಿಗೊಮ್ಮೆ ನೋಡಿದ, ಇಲ್ಲ.

ಒಂದು ಸಾಲಿಗೆ ಇಷ್ಟು ಹೆದರಿಕೆಯೇ ಎನ್ನಬೇಡಿ. ನಮ್ಮೂರು ಡುಲೂತ್‌ನಲ್ಲಿ ಸರೋವರದ ದಡಕ್ಕಿದ್ದು, ಕಾಡು ಅಕ್ಕಿಯ ಸೂಪನ್ನು ಪೊಟ್ಟಣ ಕಟ್ಟಿ ಮಾರುವ ಟಾಲೆಫ್ಸನ್ ಕಂಪನಿಯಲ್ಲಿ ಹೊರಗಿನ ಕಲಾವಿದರು ಬಾಳಿದ ಚರಿತ್ರೆಯೇ ಇಲ್ಲ. ಯಾರ ಕೈಕೆಳಗೂ ಇರದೆ, ತಮ್ಮ ಮನೆಯಲ್ಲೇ ಕೂತು ಪೊಟ್ಟಣದ ಚಿತ್ರ ಬರೆದುಕೊಡುವ ಈ ಫ್ರೀಲ್ಯಾನ್ಸ್ ಜನ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಒಬ್ಬಾತ ಮೂಸ್ ಎಂಬ ದೊಡ್ಡ ಕೊಂಬಿನ ಕಾಡುಮೃಗವನ್ನು ಬರೆದು ತಂದ. ಯಜಮಾನಿ ಆರ್ಡಿಸ್ ಟಾಲೆಫ್ಸನ್ ಕನ್ನಡಕ ಮೇಲೆತ್ತಿ ನೋಡಿ, “ಕುದುರೆ ಚೆನ್ನಾಗಿ ಬಂದಿದೆ” ಎಂದರು. ಆತ ಆಮೇಲೆ ಫೋನೆತ್ತಲಿಲ್ಲ. ಇನ್ನೊಬ್ಬಳಿಗೆ ಆಫೀಸಿನ ಆರು ಜನ ಆರು ಬಣ್ಣ ಸೂಚಿಸಿದರು. ಅವಳು ಆರನ್ನೂ ಒಂದರ ಮೇಲೊಂದು ಬಳಿದು, ಕೆಸರಿನ ಬಣ್ಣದ ಹಾಳೆಯೊಂದನ್ನು ಕಳಿಸಿ ಕೈತೊಳೆದುಕೊಂಡಳು. ಮೂರನೆಯವನು ಯಾಕೆ ಬಿಟ್ಟುಹೋದನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕ್ರಿಸ್‌ಮಸ್ ಊಟಕ್ಕೆ ಕರೆದಿದ್ದರು, ಬಂದು ಉಂಡು ಹೋದವನು ಹೋದನೇ.

ಅದಾದ ಮೇಲೆಯೇ ಆರ್ಡಿಸ್ ಲೈಲ್‌ನನ್ನು ಕೆಲಸಕ್ಕೆ ತೆಗೆದುಕೊಂಡದ್ದು. “ಈ ಕಲಾವಿದರು ಅಂದ್ರೆ ಒಲೆ ಮೇಲಿಟ್ಟ ಹಾಲು, ಲೈಲ್. ಆ ಕಡೆ ತಿರುಗಿದ್ರೆ ಉಕ್ಕಿಬಿಡತ್ತೆ. ಪಕ್ಕದಲ್ಲಿ ನಿಂತು ನೋಡ್ಕೊಳ್ಳೋದಷ್ಟೇ ನಿಮ್ಮ ಕೆಲಸ” ಎಂದಿದ್ದರು. ಲೈಲ್ ಅದಕ್ಕೂ ಮುಂಚೆ ಊರಿನ ಪತ್ರಿಕೆಯೊಂದರಲ್ಲಿದ್ದ. ಪತ್ರಿಕೆ ಮುಚ್ಚಿಹೋಗಿ, ಐವತ್ತು ದಾಟಿದವನನ್ನು ಯಾರೂ ಕರೆಯದೆ, ಎರಡು ಚಳಿಗಾಲ ಮನೆಯಲ್ಲಿ ಕೂತಿದ್ದ. ಹೆಂಡತಿಯ ತಮ್ಮ ಪ್ರತಿ ಭಾನುವಾರ ಬಂದು, “ಏನ್ ಭಾವ, ಇನ್ನೂ ಹುಡುಕ್ತಾ ಇದೀರಾ?” ಎಂದು ಕೇಳುತ್ತಿದ್ದ. ಮೂರನೆಯ ಚಳಿಗಾಲ ಹಾಗೆ ಕೂರುವುದಕ್ಕಿಂತ ಸರೋವರಕ್ಕೆ ಹಾರುವುದು ಮೇಲು ಎಂದು ಲೈಲ್‌ಗೆ ಅನ್ನಿಸಿತ್ತು.

ಈಗಿನ ಕಲಾವಿದೆಯ ಹೆಸರು ಟೋವಾ ರಿಂಡಲ್. ಊರಾಚೆ, ಸರೋವರದ ದಡ ಹಿಡಿದು ಬಡಗಣಕ್ಕೆ ಹೋದರೆ ಪೈನ್ ಮರಗಳ ನಡುವೆ ಒಬ್ಬಳೇ ಇರುತ್ತಾಳೆ. ಅವಳು ಬರೆದದ್ದು ಬೆನ್ನ ಮೇಲೆ ಮರಿ ಹೊತ್ತು ಈಜುವ ಲೂನ್ ಹಕ್ಕಿ. ಕರಡು ನೋಡಿ ಆರ್ಡಿಸ್ ಬಹಳ ಮೆಚ್ಚಿಕೊಂಡು, “ಕತ್ತು ಮಾತ್ರ ಸ್ವಲ್ಪ ದಪ್ಪ ಅಲ್ವಾ? ನಿಧಾನಕ್ಕೆ ಹೇಳಿ ನೋಡಿ. ಬುಧವಾರ ಸಂಜೆ ಪ್ರೆಸ್ಸಿಗೆ ಹೋಗ್ಬೇಕು. ಇವಳೂ ಕೈಬಿಟ್ರೆ, ಕಲಾವಿದರೇ ಇಲ್ಲದ ಮೇಲೆ ಅವರನ್ನ ನೋಡ್ಕೊಳ್ಳೋರು ನನಗ್ಯಾಕೆ, ನೀವೇ ಹೇಳಿ” ಎಂದರು. ನಗುತ್ತಲೇ ಅಂದರು. ಆ ನಗೆ ನೋಡಿಯೇ ಲೈಲ್‌ಗೆ ಬೆವರು ಬಂದದ್ದು.

ನಮ್ಮ ಊರಲ್ಲಿ ಇಂಥದನ್ನು ಹೇಳುವುದಕ್ಕೆ ಒಂದು ಕ್ರಮವಿದೆ. ಮೊದಲು ಹವೆಯ ವಿಷಯ, ಆಮೇಲೆ ಅವರ ತಾಯಿಯ ಮಂಡಿನೋವು, ಆಮೇಲೆ ಹಕ್ಕಿಯ ಕೊಕ್ಕು, ಕಣ್ಣು, ಪುಕ್ಕಗಳ ವರ್ಣನೆ, ಕೊನೆಗೆ ಬಾಗಿಲ ಹತ್ತಿರ ಹೋಗಿ, ಚಿಲಕದ ಮೇಲೆ ಕೈಯಿಟ್ಟು, “ಅಂದ ಹಾಗೆ ಆ ಕತ್ತು...” ಎನ್ನಬೇಕು. ಲೈಲ್‌ಗೆ ಇದೆಲ್ಲ ಗೊತ್ತು. ಆದರೆ ಕೋಟು ಹಾಕಿಕೊಳ್ಳುವ ಅವಸರದಲ್ಲಿ ನೇರ ಕತ್ತಿಗೇ ಬಂದುಬಿಟ್ಟಿದ್ದ.

“ಮುಖ ಯಾಕೆ ಹಿಂಗಿದೆ?” ಎಂದು ಕೇಳಿದಳು ಲೆಕ್ಕಪತ್ರದ ಮಾರ್ಲಿಸ್. ಇನ್ನೊಬ್ಬರ ಮನೆಯಲ್ಲಿ ಹೊಗೆ ಎದ್ದರೆ ಅಡುಗೆಯೋ ಬೆಂಕಿಯೋ ಎಂದು ಹೋಗಿ ನೋಡಿಯೇ ಬರುವ ಹೆಂಗಸು. ಲೈಲ್ ಫೋನು ತೋರಿಸಿದ.

“ಇಷ್ಟೇನಾ? ಹೇಗಿದೀರಿ ಅಂತಿಲ್ಲ, ಚೆನ್ನಾಗಿದೆ ಅಂತಿಲ್ಲ. ನೇರ ಕುತ್ತಿಗೆಗೇ ಕೈ ಹಾಕಿದೀಯಲ್ಲಪ್ಪ.”

“ಕೋಟು ಹಾಕ್ಕೋತಾ ಇದ್ದೆ.”

“ನನ್ನ ಮದ್ವೆ ದಿನ ನಮ್ಮತ್ತೆ, ‘ನಿನ್ನ ಕತ್ತಿಗೆ ಈ ಮುತ್ತಿನ ಸರ ಸಾಲಲ್ಲ’ ಅಂದ್ಲು. ಅವಳು ಸತ್ತೇ ಹತ್ತು ವರ್ಷ ಆಯ್ತು, ನಾನಿನ್ನೂ ಮರೆತಿಲ್ಲ. ಕತ್ತಿನ ಮಾತು ಹೆಂಗಸರು ಮರೆಯಲ್ಲ ಲೈಲ್.”

“ಇದು ಹಕ್ಕಿ ಕತ್ತು, ಮಾರ್ಲಿಸ್.”

“ಬರೆದೋಳು ಹೆಂಗಸು ತಾನೇ? ಕ್ಷಮೆ ಕೇಳು. ಈಗಲೇ. ನಾನು ಹೇಳ್ತೀನಿ, ನೀನು ಒತ್ತು.”

ಅವಳು ಹೇಳಿದಳು, ಇವನು ಒತ್ತಿದ. ‘ಪ್ರಿಯ ಟೋವಾ, ನಿನ್ನೆಯ ಮಾತಿಗೆ ಕ್ಷಮೆಯಿರಲಿ. ಆ ಕತ್ತು ನೋಡಿದಷ್ಟೂ ಹಿಡಿಸುತ್ತಿದೆ. ದಪ್ಪ ಕತ್ತಿಗೂ ಅದರದೇ ಒಂದು ಅಂದವಿದೆ.’ ಕಳಿಸಿ ಮುಗಿದ ಮೇಲೆ ಲೈಲ್‌ಗೆ ಹೊಳೆಯಿತು, ತಾನು ಎರಡನೆಯ ಸಲ ದಪ್ಪ ಎಂದುಬಿಟ್ಟೆ ಎಂದು.

ಉತ್ತರ ಬರಲಿಲ್ಲ. ಅಷ್ಟರಲ್ಲಿ ಸರಕು ಸಾಗಿಸುವ ವ್ಯಾನಿನ ಡುವೇನ್ ಕಾಫಿಗೆಂದು ಮೇಲೆ ಬಂದ. ಎಲ್ಲ ಕೇಳಿಸಿಕೊಂಡು, “ಬರೀತಾ ಕೂತ್ರೆ ಆಗಲ್ಲ ಮಾರಾಯ, ಬಾಯಿಬಿಟ್ಟು ಮಾತಾಡ್ಬೇಕು” ಎಂದು ತಾನೇ ಫೋನು ಹಚ್ಚಿದ. ಅದು ರಿಂಗಾಗಿ ರಿಂಗಾಗಿ, ಸಂದೇಶ ಬಿಡಿ ಎಂದಿತು. ಲೈಲ್ “ಟೋವಾ, ನಾನು, ಅದೇನಂದ್ರೆ, ಅದು...” ಎಂದು ತಡವರಿಸುತ್ತಿರುವಾಗ ಡುವೇನ್ ಫೋನು ಕಿತ್ತುಕೊಂಡ.

“ನೋಡಿಮ್ಮ, ಡುವೇನ್ ಅಂತ ನಾನು, ವ್ಯಾನ್ ಓಡಿಸೋನು. ಲೈಲ್ ಇಲ್ಲಿ ಅಳೋದೊಂದು ಬಾಕಿ. ಕತ್ತು ನಿಮ್ಮಿಷ್ಟ. ಬೇಕಾದ್ರೆ ಕತ್ತೇ ಬೇಡ. ಹಕ್ಕಿನೇ ಬೇಡ ಅಂದ್ರೂ ನಡೆಯತ್ತೆ. ಸಿಟ್ಟು ಮಾತ್ರ ಮಾಡ್ಕೋಬೇಡಿ.”

“ಹಕ್ಕಿ ಇಲ್ದೆ ಪೊಟ್ಟಣದ ಮೇಲೆ ಏನಿರತ್ತೋ?” ಎಂದ ಲೈಲ್.

“ಒಳಗೆ ಸೂಪಿರತ್ತಲ್ಲ, ಬಿಡು.”

ಲೈಲ್ ತನ್ನ ಮೇಜಿಗೆ ಓಡಿಹೋಗಿ ರಿಪೇರಿಗೆ ಕೂತ. ‘ಹಕ್ಕಿ ಇರಲಿ’ ಎಂದು ಕಳಿಸಿದ. ಗದರಿಸಿದಂತೆ ಕಂಡಿತು. ‘ದಯವಿಟ್ಟು’ ಎಂದು ಕಳಿಸಿದ. ‘ಅವಸರವೇನಿಲ್ಲ’ ಎಂದ. ‘ಆದರೆ ಸಂಜೆಯೊಳಗೆ’ ಎಂದ. ‘ನಿಮ್ಮ ಮನಸ್ಸಿಗೆ ಬಂದಾಗ, ಸಂಜೆಯೊಳಗೆ’ ಎಂದು ಎರಡನ್ನೂ ಕೂಡಿಸಿ ಮತ್ತೊಂದು ಕಳಿಸಿದ. ಒಂದಕ್ಕೂ ಉತ್ತರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣ ಮುಂದೆ ಹೆಂಡತಿಯ ತಮ್ಮ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

“ಮನೆಗೇ ಹೋಗಿಬಿಡು. ಆದ್ರೆ ಬರಿಗೈಲಿ ಹೋಗ್ಬೇಡ” ಎಂದಳು ಮಾರ್ಲಿಸ್. ಆಫೀಸಿನ ಫ್ರಿಜ್ಜಿನಲ್ಲಿ ಅವಳದೊಂದು ಹಾಟ್‌ಡಿಶ್ ಇತ್ತು. ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಉಂಡೆ ಜೋಡಿಸಿ ಬೇಯಿಸಿದ್ದು, ಸಂಜೆ ಚರ್ಚಿನಲ್ಲಿ ಯಾರದೋ ಶವಸಂಸ್ಕಾರದ ಊಟಕ್ಕೆಂದು. ನಮ್ಮ ಕಡೆ ಸತ್ತರೂ ಹಾಟ್‌ಡಿಶ್, ಹೆತ್ತರೂ ಹಾಟ್‌ಡಿಶ್. “ಇದನ್ನ ಬಿಸಿ ಮಾಡಿ ಕೊಡ್ತೀನಿ, ತಗೊಂಡು ಹೋಗು.”

“ಛೆ ಛೆ, ಬೇಡ.”

“ತಗೋ ಅಂದ್ರೆ.”

“ಬೇಡ ಮಾರ್ಲಿಸ್, ಸತ್ತೋರ ಮನೆಯವರಿಗೆ ಅಂತ ಮಾಡಿದ್ದು.”

“ಅವರದು ಮುಗಿದಿದೆ, ನಿಂದಿನ್ನೂ ನಡೀತಾ ಇದೆ. ತಗೋ.”

“ಅಷ್ಟು ಬಲವಂತ ಮಾಡ್ತೀಯಾದ್ರೆ...” ಎಂದು ಲೈಲ್ ಕೈಚಾಚಿದ.

ಹೀಗೇ ಆಗಬೇಕಾದದ್ದು. ನಮ್ಮಲ್ಲಿ ಉಪಚಾರಕ್ಕೊಂದು ಲೆಕ್ಕವಿದೆ. ಮೊದಲನೆಯ ಸಲ ಕೇಳಿದಾಗ ಬೇಡ ಎನ್ನಬೇಕು. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಬೇಡ ಎನ್ನಬೇಕು. ಮೂರನೆಯ ಸಲವೂ ಕೇಳಿದರೆ ಅವರು ನಿಜವಾಗಿಯೇ ಕೊಡುತ್ತಿದ್ದಾರೆಂದು ಅರ್ಥ, ಆಗ ಒಪ್ಪಬೇಕು. ಮೂರು ಸಲ ಕೇಳಿ ಮಾತು ಹಿಂದೆಗೆದುಕೊಂಡವರು ಈ ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಮೊದಲ ಸಲಕ್ಕೇ ಹೂಂ ಎಂದವರನ್ನು ಶಿಕಾಗೋ ಕಡೆಯವರಿರಬೇಕು ಪಾಪ ಎಂದು ಕ್ಷಮಿಸುತ್ತೇವೆ.

ಲೈಲ್ ಒಬ್ಬನೇ ಹೋಗುವುದೆಂದು ಮಾತಾಗಿತ್ತು. ಆದರೆ ಗಾಜಿನ ಪಾತ್ರೆ ಮಾರ್ಲಿಸ್‌ಳದು, ಅದನ್ನು ಬಿಟ್ಟು ಅವಳಿರಲಾರಳು, ಕೋಟು ಹಾಕಿಕೊಂಡಳು. ರಸ್ತೆ ಜಾರುತ್ತಿದೆ, ನಿನ್ನ ಕಾರಿನಲ್ಲಿ ಬೇಡ ಎಂದು ಡುವೇನ್ ವ್ಯಾನು ತಂದ. ಮೂವರೂ ಹತ್ತುತ್ತಿರುವಾಗ ಕಿಟಕಿಯಿಂದ ಕಂಡ ಆರ್ಡಿಸ್ ಕೆಳಗಿಳಿದು ಬಂದರು.

“ಯಾರು ಹೋಗ್ಬಿಟ್ರು?” ಎಂದರು, ಪಾತ್ರೆ ನೋಡಿ.

“ಯಾರೂ ಇಲ್ಲ. ಟೋವಾ ಮನೆಗೆ. ಸುಮ್ನೆ. ಹಕ್ಕಿ ಹೇಗಿದೆ ನೋಡ್ಕೊಂಡು ಬರೋಣ ಅಂತ” ಎಂದ ಲೈಲ್.

“ಮೂರು ಜನ?”

ಲೈಲ್‌ಗೆ ಸುಳ್ಳು ಬರುವುದಿಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ. ಅಂಥವರು ಸುಮ್ಮನೆ ನಿಲ್ಲುತ್ತಾರೆ. ಅವನೂ ನಿಂತ. ಆರ್ಡಿಸ್ ಅವನ ಮುಖವನ್ನು ಒಂದು ಗಳಿಗೆ ನೋಡಿ, “ನಾನೂ ಬರ್ತೀನಿ” ಎಂದು ಮುಂದಿನ ಸೀಟಿಗೆ ಹತ್ತಿ ಕೂತರು.

ದಾರಿಯುದ್ದಕ್ಕೂ ಬಿಸಿ ಪಾತ್ರೆ ಲೈಲ್‌ನ ತೊಡೆಯ ಮೇಲಿತ್ತು. ತೊಡೆ ಸುಡುತ್ತಿತ್ತು, ಎತ್ತಿದರೆ ಕೈ ಸುಡುತ್ತಿತ್ತು. “ಕತ್ತಿನ ವಿಷಯ ಮೆತ್ತಗೆ ಹೇಳಿದ್ರಿ ತಾನೇ?” ಎಂದರು ಆರ್ಡಿಸ್, ತಿರುಗದೆ. “ಮೆತ್ತಗೇ ಹೇಳಿದೆ” ಎಂದ. ಮಾರ್ಲಿಸ್‌ಗೆ ಕೆಮ್ಮು ಬಂತು. ಡುವೇನ್ ರೇಡಿಯೊ ಜೋರು ಮಾಡಿದ. ಟೋವಾ ಬಾಗಿಲು ತೆಗೆದು ಮುಖದ ಮೇಲೆ ಹಾಕುವಳು, ಅದೂ ಯಜಮಾನಿಯ ಕಣ್ಣೆದುರಿಗೇ, ಎಂದು ಲೈಲ್‌ಗೆ ಖಾತ್ರಿಯಾಗಿತ್ತು. ಈ ವ್ಯಾನು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ವ್ಯಾನು ಅವತ್ತು ಹೂವಿನ ಹಾಗೆ ಓಡಿತು.

ಬಾಗಿಲು ತಟ್ಟಿದರೆ ಉತ್ತರವಿಲ್ಲ. ಮತ್ತೆ ತಟ್ಟಿದರು. ಕೊನೆಗೆ ಹಿತ್ತಲಿನ ಮರದ ಷೆಡ್ಡಿನಿಂದ ಟೋವಾ ಬಂದಳು. ಗಿಡ್ಡ ಹೆಂಗಸು, ಮೊಣಕೈ ತನಕ ಬಣ್ಣ. ಹೊಸ್ತಿಲ ಮುಂದೆ ಸಾಲಾಗಿ ನಿಂತ ನಾಲ್ವರನ್ನೂ ಅವರ ನಡುವಿನ ಹಾಟ್‌ಡಿಶ್ಶನ್ನೂ ಕಂಡು ಅವಳ ಮುಖ ಬಿಳಿಚಿಕೊಂಡಿತು.

“ಯಾರಿಗೇನಾಯ್ತು? ನಮ್ಮಮ್ಮಂಗಾ?”

“ಯಾರಿಗೂ ಏನೂ ಆಗಿಲ್ಲ” ಎಂದ ಲೈಲ್. ‘ಸದ್ಯಕ್ಕೆ’ ಎಂಬುದನ್ನು ಬಾಯೊಳಗೇ ಉಳಿಸಿಕೊಂಡ.

“ಅಬ್ಬ. ಫೋನ್ ಮಾಡಿದ್ರೇನೋ ಪಾಪ. ಕೆಲಸಕ್ಕೆ ಕೂತ್ರೆ ಫೋನನ್ನ ಹಿಟ್ಟಿನ ಡಬ್ಬಿಯೊಳಗೆ ಹಾಕಿಬಿಡ್ತೀನಿ ನಾನು. ಇಲ್ದಿದ್ರೆ ಕೆಲಸ ಸಾಗಲ್ಲ. ನಿನ್ನೆ ಮಧ್ಯಾಹ್ನದಿಂದ ತೆಗೆದೇ ಇಲ್ಲ.”

ಲೈಲ್‌ಗೆ ಹೋದ ಜೀವ ಬಂತು. ಹಾಗಾದರೆ ಕತ್ತಿನ ಸುದ್ದಿಯೇ ಇವಳಿಗೆ ತಿಳಿದಿಲ್ಲ. ಸಿಟ್ಟೂ ಇಲ್ಲ, ಏನೂ ಇಲ್ಲ. ಈ ಮೂವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹವೆಯಿಂದ ಶುರು ಮಾಡಿ ಎಲ್ಲವನ್ನೂ ಕ್ರಮವಾಗಿ ಹೇಳಿಬಿಡಬಹುದು.

“ಅಂದ್ರೆ ನಮ್ಮ ಮೆಸೇಜು ಒಂದೂ ನೋಡಿಲ್ವಾ ನೀವು?” ಎಂದ ಡುವೇನ್.

ಲೈಲ್ ಅವನ ಕಾಲು ತುಳಿದ. ಚಳಿಗಾಲದ ಬೂಟು, ಡುವೇನ್‌ಗೆ ಗೊತ್ತೇ ಆಗಲಿಲ್ಲ. “ಬೇಜಾನ್ ಕಳ್ಸಿದೀವಿ, ನೋಡಿ ನೋಡಿ” ಎಂದು ಇನ್ನೂ ಒತ್ತಾಯ ಮಾಡಿದ.

ಟೋವಾ ಎಲ್ಲರನ್ನೂ ಅಡುಗೆಮನೆಗೆ ಕರೆದು ಕೂರಿಸಿ, ಡಬ್ಬಿಯಿಂದ ಫೋನು ತೆಗೆದು ಹಿಟ್ಟು ಊದಿದಳು. ಓದತೊಡಗಿದಳು. ಮೊದಲನೆಯದಕ್ಕೆ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಇಳಿಯಿತು. ಒಂದರ ಹಿಂದೊಂದು ಓದುತ್ತಲೇ ಹೋದಳು. ಕೊನೆಗೆ ಡುವೇನ್‌ನ ಧ್ವನಿ ಅಡುಗೆಮನೆಯ ತುಂಬ ಕೇಳಿಸಿತು. ಹಕ್ಕಿನೇ ಬೇಡ ಅಂದ್ರೂ ನಡೆಯತ್ತೆ ಎಂಬಲ್ಲಿಗೆ ಆರ್ಡಿಸ್ ನಿಧಾನವಾಗಿ ಲೈಲ್ ಕಡೆ ತಿರುಗಿದರು. ಲೈಲ್ ಸೂರು ನೋಡುತ್ತಿದ್ದ. ಮುಗಿಯಿತು, ಇನ್ನು ಮೂರನೆಯ ಚಳಿಗಾಲ, ಎಂದುಕೊಂಡ.

ಟೋವಾ ಫೋನು ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

“ಈ ಕೆಲಸಕ್ಕಿಳಿದು ಎಷ್ಟು ವರ್ಷ ಆಯ್ತೋ” ಎಂದಳು. “ಇಷ್ಟ ಆಗ್ಲಿಲ್ಲ ಅಂದ್ರೆ ಯಾರೂ ಹೇಳೋದೇ ಇಲ್ಲ ಕಣ್ರಿ. ತುಂಬ ಚೆನ್ನಾಗಿದೆ ಅಂತಾರೆ. ಆಮೇಲೆ ಅಂಗಡೀಲಿ ನೋಡಿದ್ರೆ ಪೊಟ್ಟಣದ ಮೇಲೆ ಇನ್ಯಾರದೋ ಚಿತ್ರ. ದಪ್ಪ ಅಂತ ಬಾಯಿಬಿಟ್ಟು ಹೇಳಿದೋರು ನೀವೊಬ್ರೇ. ಹೇಳಿದ ತಪ್ಪಿಗೆ ಇಷ್ಟು ದೂರ ಊಟ ಹೊತ್ಕೊಂಡು ಬಂದೋರೂ ನೀವೇ. ನಮ್ಮಣ್ಣ ಕೂಡ ನನಗೆ ಹೀಗೆ ಮಾಡಿಲ್ಲ.”

ಅವಳು ಷೆಡ್ಡಿಗೆ ಹೋಗಿ ಚಿತ್ರ ತಂದಳು. “ಕತ್ತು ದಪ್ಪ ಇರೋದು ನಿಜ. ನನಗೂ ಅನ್ನಿಸ್ತಿತ್ತು” ಎಂದು ಅಲ್ಲೇ ಮೇಜಿನ ಮೇಲಿಟ್ಟು, ಹಿನ್ನೆಲೆಯ ನೀರಿನದೇ ಬಣ್ಣದಲ್ಲಿ ಕತ್ತಿನ ಅಂಚನ್ನು ಎರಡು ಕಡೆ ಒತ್ತರಿಸಿದಳು. ಹಕ್ಕಿ ಸರೋವರದಿಂದ ಈಗ ತಾನೇ ತಲೆ ಎತ್ತಿದಂತೆ ಕಾಣಿಸಿತು. ಆರ್ಡಿಸ್ ಕನ್ನಡಕ ಮೇಲೆತ್ತಿ ನೋಡಿ, “ಹಕ್ಕಿ” ಎಂದರು. ಮಾರ್ಲಿಸ್ ಉಸಿರುಬಿಟ್ಟಳು. ಟೋವಾ ಅಲ್ಲೇ ಫೋನಿನಲ್ಲಿ ಫೋಟೊ ತೆಗೆದು ಕಳಿಸಿದಳು, ಬಿಸಿಲು ಇಳಿಯುವ ಮುಂಚೆಯೇ ಚಿತ್ರ ಪ್ರೆಸ್ಸಿಗೆ ಹೋಯಿತು.

ಆಮೇಲೆ ಹಾಟ್‌ಡಿಶ್ ಬಿಚ್ಚಿದರು. ಲೈಲ್ ಎರಡು ದಿನದ ಹಸಿವಿನಿಂದೆದ್ದವನಂತೆ ತಿಂದ. ಖುಷಿಗೆ ಅವನ ಕಿವಿ ಕೆಂಪಾಗಿತ್ತು. ಆರ್ಡಿಸ್ ಕೂಡ ಬಹಳ ಸಂತೋಷದಲ್ಲಿದ್ದರು. ಆ ಸಂತೋಷದಲ್ಲಿ, ಮನೆಗೆ ಬಂದವರಿಗೆ ಇದ್ದು ಹೋಗಿ ಎನ್ನುವ ಹಾಗೆ, “ನಿಮ್ಮಂಥೋರು ನಮ್ಮ ಆಫೀಸಲ್ಲೇ ಇರ್ಬೇಕಿತ್ತು ಟೋವಾ. ಬಂದ್ಬಿಡಿ” ಎಂದರು.

“ಅಯ್ಯೋ, ಬೇಡಪ್ಪ. ನನಗೆ ಒಬ್ಬಳೇ ಇದ್ದು ಅಭ್ಯಾಸ.”

ಕಾಫಿ ಬಂತು. ಆರ್ಡಿಸ್ ಇನ್ನೊಂದು ಸಲ, “ಹಾಗಲ್ಲ, ಈ ಕಾಡಲ್ಲಿ ಹಿಟ್ಟಿನ ಡಬ್ಬಿ ಕಟ್ಕೊಂಡು ಏನು ಮಾಡ್ತೀರಿ? ನಮ್ಮ ಜೊತೆ ಸಂಬಳಕ್ಕೇ ಸೇರ್ಕೊಳ್ಳಿ” ಎಂದರು.

“ಇಲ್ಲ ಇಲ್ಲ, ನಿಮಗ್ಯಾಕೆ ತೊಂದ್ರೆ, ಖಂಡಿತ ಬೇಡ.”

ಅಲ್ಲಿಗೆ ಮಾತು ಮುಗಿಯಬೇಕು. ಎರಡು ಸಲ ಕೇಳುವುದು ಮರ್ಯಾದೆ, ಆರ್ಡಿಸ್ ಅಷ್ಟಕ್ಕೇ ನಿಲ್ಲಿಸಿ ಕೈಗವಸು ಹುಡುಕತೊಡಗಿದರು. ಎಲ್ಲರೂ ಹೊರಟು ಬಾಗಿಲ ಹತ್ತಿರ ನಿಂತು, ಹೊರಡುತ್ತೇವೆ ಹೊರಡುತ್ತೇವೆ ಎನ್ನುತ್ತ ಬಹಳ ಹೊತ್ತು ಮಾತಾಡಿದರು. ಲೈಲ್‌ಗೆ ಮಾತ್ರ ಮನಸ್ಸು ತುಂಬಿ ಬಂದಿತ್ತು. ಈ ಹೆಂಗಸು ತನ್ನ ಅನ್ನ ಉಳಿಸಿದಳು. ಇವಳಿಗೆ ಏನಾದರೂ ಒಳ್ಳೆಯ ಮಾತು ಹೇಳದೆ ಹೇಗೆ ಹೋಗುವುದು? ಅವನು ಅವಳ ಎರಡೂ ಕೈ ಹಿಡಿದುಕೊಂಡ.

“ಬರ್ಬೇಕು ಟೋವಾ. ನಮ್ಮ ಆಫೀಸಿಗೆ ನೀವು ಬರ್ಲೇಬೇಕು.”

ಹೇಳಿದ್ದು ಮೂರನೆಯ ಸಲವೆಂದು ಅವನಿಗೆ ತಿಳಿಯುವಷ್ಟರಲ್ಲಿ ಟೋವಾ ಮುಖ ಅರಳಿಬಿಟ್ಟಿತ್ತು.

“ನೀವೇ ಇಷ್ಟು ಬಲವಂತ ಮಾಡ್ತೀರಾದ್ರೆ... ಸೋಮವಾರದಿಂದ ಬರ್ತೀನಿ.”

ಡುವೇನ್‌ನಂಥ ಡುವೇನ್ ಕೂಡ ಬಾಯಿ ಮುಚ್ಚಿದ. ಆರ್ಡಿಸ್ ಒಂದು ಗವಸು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ನಗುತ್ತ, “ತುಂಬ ಸಂತೋಷ” ಎಂದರು. ಬೇರೆ ಏನು ತಾನೇ ಎಂದಾರು?

ವ್ಯಾನಿನಲ್ಲಿ ರೇಡಿಯೊ ಕೂಡ ಹಾಕಲಿಲ್ಲ. ಆಫೀಸಿನ ಮುಂದೆ ಇಳಿದ ಮೇಲೆ ಆರ್ಡಿಸ್ ಲೈಲ್‌ನನ್ನು ಪಕ್ಕಕ್ಕೆ ಕರೆದರು. ಮಾರ್ಲಿಸ್, ಡುವೇನ್ ಇಬ್ಬರೂ ಕೇಳಿಸುವಷ್ಟು ದೂರದಲ್ಲಿ ವ್ಯಾನಿನ ಚಕ್ರ ನೋಡುತ್ತ ನಿಂತರು.

“ಕಲಾವಿದೆ ಒಳಗೇ ಬಂದ್ಮೇಲೆ ಹೊರಗಿನೋರು ಅಂತ ಯಾರೂ ಇರಲ್ಲ, ಅಲ್ವಾ ಲೈಲ್?”

“ಇರಲ್ಲ” ಎಂದ ಲೈಲ್.

“ಇಬ್ಬರಿಗೆ ಸಂಬಳ ಕೊಡೋ ಶಕ್ತಿ ಕಂಪನಿಗಿಲ್ಲ. ನಿಮಗೂ ಗೊತ್ತು.”

“ಗೊತ್ತು.”

ಆರ್ಡಿಸ್‌ಗೂ ಸಂಕಟವಾಗುತ್ತಿತ್ತು. ಎಷ್ಟಾದರೂ ಅವತ್ತಿನ ಕೆಲಸ ಗೆದ್ದುಕೊಟ್ಟವನು. “ಆದ್ರೂ ನೀವು ಹೋಗ್ಬೇಡಿ. ಇದ್ದುಬಿಡಿ. ಪ್ಯಾಕಿಂಗ್ ಕಡೆ ಏನಾದ್ರೂ ನೋಡೋಣ” ಎಂದರು.

ಲೈಲ್‌ನ ಎದೆ ಹೂಂ ಎಂದಿತು, ಹೊಟ್ಟೆ ಹೂಂ ಎಂದಿತು, ಮನೆಯಲ್ಲಿ ಕಾಯುತ್ತಿದ್ದ ಹೆಂಡತಿಯನ್ನು ನೆನೆದರೆ ಮೈಯೆಲ್ಲ ಹೂಂ ಎನ್ನುತ್ತಿತ್ತು. ಆದರೆ ಈ ಊರಲ್ಲಿ ಹುಟ್ಟಿ ಬೆಳೆದ ನಾಲಿಗೆ ಅದು.

“ಅಯ್ಯೋ, ಬೇಡ ಬಿಡಿ ಆರ್ಡಿಸ್ ಅವ್ರೆ. ನಿಮಗ್ಯಾಕೆ ತೊಂದ್ರೆ.”

ಹೇಳಿ, ಎರಡನೆಯ ಸಲ ಕೇಳಲಿ ಎಂದು ಕಾದು ನಿಂತ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆರ್ಡಿಸ್ ಬಾಯಿ ತೆರೆದರು, ಟೋವಾಳನ್ನು ಕರೆದು ಸಿಕ್ಕಿಬಿದ್ದದ್ದು ನೆನಪಾಯಿತೋ ಏನೋ, ಮುಚ್ಚಿದರು.

“ಸರಿ ಲೈಲ್. ನಿಮ್ಮಿಷ್ಟ” ಎಂದು ಮೆಟ್ಟಿಲು ಹತ್ತಿದರು.

ಬಾಗಿಲ ಹತ್ತಿರ ಹೋದವರು ಚಿಲಕದ ಮೇಲೆ ಕೈಯಿಟ್ಟು ಹಿಂತಿರುಗಿದರು. ಲೈಲ್ ಮುಂದೆ ಬಂದ. ಇನ್ನೊಮ್ಮೆ ಬೇಡ ಎನ್ನುವುದಕ್ಕೆ ಅವನ ತುಟಿ ಸಿದ್ಧವಾಗಿತ್ತು.

“ಅಂದ ಹಾಗೆ, ಟೋವಾ ಸ್ವಲ್ಪ ಗಿಡ್ಡ. ಮನೆಗೆ ಹೋಗೋ ಮುಂಚೆ ನಿಮ್ಮ ಕುರ್ಚಿ ಇಳಿಸಿಟ್ಟಿರಿ.”

ಲೈಲ್ ಒಳಗೆ ಹೋಗಿ ಇಳಿಸಿಟ್ಟ. ಎತ್ತರ ಸರಿಹೋಯಿತೇ ಎಂದು ಒಮ್ಮೆ ಕೂತೂ ನೋಡಿದ.